ಗೌರಿಗೆ ಮೂರು ಅಳತೆ

ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಬೋಲ್ಟು ಅಳೆದವನು ನಾನು. ಕೂದಲೆಳೆಯಷ್ಟು ದಪ್ಪ ಹೆಚ್ಚಿದ್ದರೂ ಪಕ್ಕಕ್ಕೆ ಎಸೆಯುತ್ತಿದ್ದೆ. ಹೀಗಾಗಿ ಕೆಲಸ ಬಿಟ್ಟು ಊರಲ್ಲಿ ಎರಡು ಹಸು ಕಟ್ಟಿದಾಗ, ಅಳತೆಯಲ್ಲಿ ಈ ಕಾಂತರಾಜುವನ್ನು ಮೀರಿಸುವವರು ಹೊಸಕೋಟೆ ತಾಲ್ಲೂಕಿನಲ್ಲೇ ಇಲ್ಲವೆಂದು ನಂಬಿದ್ದೆ. ಮೇವು ಹಾಕುವುದು, ಹಾಲು ಕರೆಯುವುದು, ಸಗಣಿ ಬಾಚುವುದು ನನ್ನ ಹೆಂಡತಿ ಮುನಿಗಂಗಮ್ಮನ ಪಾಲು. ಡೈರಿಯ ಮುಂದೆ ನಿಂತು ಹೈನುಗಾರಿಕೆಯ ಬಗ್ಗೆ ಮಾತಾಡುವುದು ನನ್ನ ಪಾಲು.

ಹೋದ ವರ್ಷ ರಂಜಿತ ಎಂಬ ಸಂಶೋಧನಾ ವಿದ್ಯಾರ್ಥಿನಿ ನಮ್ಮ ಡೈರಿಗೆ ಬಂದಳು. ಮೇವು ಅರಗುವಾಗ ಹಸುವಿನ ಹೊಟ್ಟೆಯಲ್ಲಿ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ, ಅದು ಭೂಮಿಯ ಬಿಸಿ ಹೆಚ್ಚಿಸುತ್ತದೆ, ತಿಂದ ಮೇವಿನ ಸತ್ವದಲ್ಲೂ ಒಂದಿಷ್ಟು ಅದರ ಜೊತೆ ಹೊರಟುಹೋಗುತ್ತದೆ ಎಂದು ವಿವರಿಸಿದಳು. ಬೂಸಾದಲ್ಲಿ ಬೆರೆಸುವ ಗಿಡಮೂಲಿಕೆಯ ಪುಡಿಯೊಂದನ್ನು ಹನ್ನೆರಡು ಹಸುಗಳ ಮೇಲೆ ಪರೀಕ್ಷಿಸುವುದು ಅವಳ ಕೆಲಸ. ಅವಳ ಮಾತು ಮುಗಿಯುವ ಮೊದಲೇ ನಾನು ಎದ್ದು, ಆ ಅನಿಲ ಬಾಲದ ಕೆಳಗಿನಿಂದ ಹೇಗೆ ಹೊರಡುತ್ತದೆಂದು ಕೈಸನ್ನೆ ಸಮೇತ ಎಲ್ಲರಿಗೂ ತಿಳಿಸಿಕೊಟ್ಟೆ.

ರಂಜಿತ ಮೆಲ್ಲಗೆ ಹೇಳಿದಳು, “ಸರ್, ಅದು ಹೆಚ್ಚಾಗಿ ಬಾಯಿಂದ ಬರುತ್ತೆ. ತೇಗು.”

ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ನಕ್ಕರು. ಆ ಅವಮಾನ ತೊಳೆದುಕೊಳ್ಳಲು ನಮ್ಮ ಹಸು ಗೌರಿಯ ಹೆಸರನ್ನು ಪರೀಕ್ಷೆಗೆ ನಾನೇ ಮೊದಲು ಬರೆಸಿದೆ.

ದಿನಕ್ಕೆ ಒಂದು ಅಳತೆ ಪುಡಿ. ವಾರಕ್ಕೊಮ್ಮೆ ರಂಜಿತ ಬಂದು ಗೌರಿಯ ಮೂಗಿನ ಹತ್ತಿರ ಸಣ್ಣ ಕೊಳವೆ, ಕೊರಳಿಗೆ ಡಬ್ಬಿ ಕಟ್ಟಿ ತೇಗು ಹಿಡಿಯುತ್ತಿದ್ದಳು. ಮೂರನೇ ವಾರಕ್ಕೆ ಗೌರಿ ಅರ್ಧ ಲೀಟರು ಹಾಲು ಜಾಸ್ತಿ ಕೊಟ್ಟಳು. ಪುಡಿ ಹಾಕುವ ಕೆಲಸವನ್ನು ಆವತ್ತೇ ಹೆಂಡತಿಯ ಕೈಯಿಂದ ಕಿತ್ತುಕೊಂಡೆ. ಒಂದು ಅಳತೆಗೆ ಅರ್ಧ ಲೀಟರಾದರೆ ಮೂರಕ್ಕೆ ಒಂದೂವರೆ ಲೀಟರು. ಇಷ್ಟು ಸುಲಭದ ಲೆಕ್ಕ ಓದಿದ ಹುಡುಗಿಗೆ ಹೊಳೆಯಲಿಲ್ಲವಲ್ಲ ಎಂದು ಮರುಕಪಟ್ಟೆ. ಯಾರಿಗೂ ಹೇಳದೆ ಮೂರು ಅಳತೆ ಸುರಿಯತೊಡಗಿದೆ.

ಐದನೇ ದಿನ ಗೌರಿ ಬೂಸಾ ಮೂಸಿ ಮುಖ ತಿರುಗಿಸಿದಳು. ಸಗಣಿ ಗಟ್ಟಿಯಾಯಿತು, ಹಾಲು ಇಳಿಯಿತು, ಮೆಲುಕು ನಿಂತೇಹೋಯಿತು. ಹೆದರಿದ ನಾನು ಡೈರಿಗೆ ಹೋಗಿ, ಪುಡಿಯೇ ಕೆಟ್ಟದ್ದು ಎಂದು ಸಾರಿಬಿಟ್ಟೆ. ಮರುದಿನವೇ ಇನ್ನಿಬ್ಬರು ತಮ್ಮ ಹಸುಗಳಿಗೆ ಪುಡಿ ನಿಲ್ಲಿಸಿದರು.

ರಂಜಿತ ಓಡಿಬಂದಳು. ಗೌರಿಯ ಹೊಟ್ಟೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದಳು. ಮುಖ ಸಣ್ಣದಾಯಿತು. ಹಸುಗಳಿಗೆ ತೊಂದರೆಯಾಗುವುದಾದರೆ ಹನ್ನೆರಡನ್ನೂ ಕೈಬಿಡುತ್ತೇನೆ, ಎರಡು ವರ್ಷದ ಕೆಲಸ ಹೋದರೆ ಹೋಗಲಿ ಎಂದಳು. ಮುನಿಗಂಗಮ್ಮ ಪುಡಿಯ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ತಿಂಗಳ ಕೊನೆಯವರೆಗೆ ಬರಬೇಕಾದದ್ದು ತಳ ಕಂಡಿತ್ತು.

ಇಲಿ ತಿಂದಿರಬೇಕು ಎಂಬ ಮಾತು ನಾಲಿಗೆ ತುದಿವರೆಗೂ ಬಂತು. ಹುಡುಗಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

“ಮೂರು ಹಾಕ್ಬಿಟ್ಟೆ ಕಣಮ್ಮ. ತಪ್ಪು ಪುಡೀದಲ್ಲ, ನಂದು,” ಎಂದೆ.

ಬೈಯುತ್ತಾಳೆ ಅಂದುಕೊಂಡೆ. ಅವಳು ಗೋಡೆಗೊರಗಿ ಕೂತು ಉಸಿರು ಬಿಟ್ಟಳು. ಆಮೇಲೆ, ಪುಡಿಯ ಒಗರು ಹೆಚ್ಚಾದರೆ ಹಸು ಮೇವು ಬಿಡುತ್ತದೆ, ಅದಕ್ಕೇ ಅಳತೆ ಕೊಟ್ಟದ್ದು ಎಂದು ತಿಳಿಹೇಳಿದಳು. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡಳು. ಗೌರಿಯ ಹೆಸರಿಗೆ ಅಡ್ಡಗೆರೆ ಬಿತ್ತು. ನಾನು ಬೋಲ್ಟು ಎಸೆಯುತ್ತಿದ್ದ ರೀತಿಯಲ್ಲೇ ನನ್ನ ಹಸುವನ್ನು ಪಕ್ಕಕ್ಕಿಟ್ಟಳು.

ಸಂಜೆ ಡೈರಿಯಲ್ಲಿ, ಹಾಲು ಹಾಕುವ ಸಾಲಿನ ಮುಂದೆ ನಿಂತು, ನಡೆದದ್ದನ್ನು ನಾನೇ ಹೇಳಿದೆ. ತೇಗಿನ ದಿನಕ್ಕಿಂತ ಜೋರಾಗಿ ನಕ್ಕರು. ಆದರೆ ನಿಲ್ಲಿಸಿದ್ದ ಇಬ್ಬರೂ ಮತ್ತೆ ಪುಡಿ ಹಾಕತೊಡಗಿದರು. ಪುಡಿ ನಿಲ್ಲಿಸಿದ ನಾಲ್ಕನೇ ದಿನ ಗೌರಿ ಮತ್ತೆ ಮೆಲುಕು ಹಾಕಿದಳು. ನಾನು ಕೊಟ್ಟಿಗೆಯಲ್ಲೇ ಕೂತು ಅವಳ ದವಡೆ ಆಡುವುದನ್ನು ನೋಡುತ್ತಾ ಕಣ್ಣೊರೆಸಿಕೊಂಡೆ.

ಉಳಿದ ಹನ್ನೊಂದು ಹಸುಗಳಲ್ಲಿ ಅನಿಲ ಕಡಿಮೆಯಾಗಿದೆಯೆಂದು ರಂಜಿತ ಮೊನ್ನೆ ಫೋನು ಮಾಡಿದ್ದಳು. ಈಗ ಬೂದಿಗೆರೆ ಕಡೆ ಹೊಸ ಪರೀಕ್ಷೆ ಶುರುಮಾಡುತ್ತಾಳಂತೆ. ಅಳತೆ ಮೀರಿದರೆ ಏನಾಗುತ್ತದೆಂದು ಅಲ್ಲಿಯ ರೈತರಿಗೆ ಹೇಳಲು ಅನುಭವಸ್ಥರು ಬೇಕು, ಬರುತ್ತೀರಾ ಎಂದು ಕೇಳಿದಳು. ಒಪ್ಪಿಕೊಂಡೆ. ಮುನಿಗಂಗಮ್ಮ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದ್ದಾಳೆ.