ನಾಯಿಗಳ ಎದೆ ಕಾಯುವ ಮಾತ್ರೆ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಹೆಂಗಸೊಬ್ಬರು ಮಲಗಿರುವ ನಾಯಿಯ ಪಕ್ಕೆಯನ್ನೇ ನೋಡುತ್ತಿದ್ದಾರೆ. ಅದು ಏರಿಳಿದಂತೆಲ್ಲ ಅವರ ತುಟಿ ಅಲುಗುತ್ತದೆ. ನಿಮಿಷ ಕಳೆದ ಮೇಲೆ, "ಇಪ್ಪತ್ತೆರಡು. ಪರವಾಗಿಲ್ಲ," ಎನ್ನುತ್ತಾರೆ. ನಿದ್ದೆಯಲ್ಲಿ ಉಸಿರು ಮೂವತ್ತು ದಾಟಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು; ಕೂಡಲೇ ಡಾಕ್ಟರಿಗೆ ಫೋನು. ಆಮೇಲೆ ನಾಯಿಯನ್ನು ಎಬ್ಬಿಸಿ, ದವಡೆ ಬಿಡಿಸಿ, ನಾಲಿಗೆಯ ಬುಡಕ್ಕೆ ಮಾತ್ರೆ ಇಟ್ಟು ಗಂಟಲು ನೀವುತ್ತಾರೆ. ಗುಳುಕ್.

ಪಶು ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವರು ಇವರು. ಎಂಥ ಹಟಮಾರಿ ನಾಯಿಗೂ ಮಾತ್ರೆ ನುಂಗಿಸುವ ಕೈಗುಣ ಕಂಡು ಅಲ್ಲಿನ ಡಾಕ್ಟರಮ್ಮನೇ ಈ ಕೆಲಸಕ್ಕೆ ಹಚ್ಚಿದರು. ಈಗ ದಿನಕ್ಕೆ ಹತ್ತು ಹನ್ನೊಂದು ಮನೆ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಎಲ್ಲವೂ ಹೃದಯದ ಕಾಯಿಲೆಯ ನಾಯಿಗಳೇ. ಹೋದಲ್ಲೆಲ್ಲ ಇವರು 'ಮಾತ್ರೆ ಅಕ್ಕ'.

"ಕೆಮ್ಮಿದ್ರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತಾರೆ. ಮೆಟ್ಟಿಲು ಹತ್ತದಿದ್ರೆ ವಯಸ್ಸಾಯ್ತು ಅಂತಾರೆ. ಎದೆ ಸೋತಿದೆ ಅಂತ ಯಾರಿಗೂ ಹೊಳೆಯಲ್ಲ."

ಹೋದ ತಿಂಗಳು ನಡೆದದ್ದನ್ನು ಅವರೇ ಹೇಳುತ್ತಾರೆ. ಒಂಟಿ ಅಜ್ಜಿಯೊಬ್ಬರ ಮನೆಯಲ್ಲಿ ಗುಂಡ ಎಂಬ ನಾಯಿ. ಅಕ್ಕನಿಗೆ ಜ್ವರ ಬಂದು ಒಂದು ವಾರ ಹೋಗಲಾಗದೆ, ಮಾತ್ರೆಗಳನ್ನು ಅಜ್ಜಿಯ ಕೈಗೇ ಕೊಟ್ಟಿದ್ದರು. ಮರಳಿ ಹೋದಾಗ ಗುಂಡ ಮುಂಗಾಲು ಅಗಲಿಸಿ, ಕತ್ತು ಚಾಚಿ ನಿಂತಿದ್ದಾನೆ. ಮಲಗಲೂ ಆಗುತ್ತಿಲ್ಲ. ತುಟಿ ಸರಿಸಿ ನೋಡಿದರೆ ಒಸಡು ನೀಲಿಗಟ್ಟಿದೆ.

"ಅಜ್ಜಿ, ಮಾತ್ರೆ ಕೊಟ್ರಾ?"

"ಆ ನೀರಿನ ಮಾತ್ರೆ ನಿಲ್ಲಿಸಿದೆ ಕಣಮ್ಮ. ಮನೆ ತುಂಬ ಉಚ್ಚೆ ಹೊಯ್ದು ಪಾಪ, ಮೂಲೇಲಿ ಮುದುರಿಕೊಳ್ಳುತ್ತೆ. ನಾನೂ ನಂದು ನಿಲ್ಲಿಸಿ ತಿಂಗಳಾಯ್ತು, ಏನೂ ಆಗಿಲ್ಲವಲ್ಲ."

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಜ್ಜಿಗೂ ಹೃದಯದ ಕಾಯಿಲೆ. ಅಳತೆ ಬೇರೆ, ಮೈಯಲ್ಲಿ ತುಂಬಿದ ನೀರನ್ನು ಮೂತ್ರವಾಗಿ ಇಳಿಸುವ ಮಾತ್ರೆ ಅದೇ. ಕೆಳಗೆ ನೋಡಿದರೆ ಅಜ್ಜಿಯ ಪಾದಗಳು ಚಪ್ಪಲಿಗೆ ಹಿಡಿಸದಷ್ಟು ಊದಿವೆ. ಎದ್ದು ನಿಲ್ಲಲು ಹೋದ ಅಜ್ಜಿ ಏದುಸಿರು ಬಿಡುತ್ತ ಕುರ್ಚಿಗೇ ಕುಸಿದರು.

"ಯಾರನ್ನ ಮೊದಲು ಎತ್ಲಿ ಅಂತ ತೋಚಲಿಲ್ಲ. ಅದೇ ಕೋಣೇಲಿ ಕೂತು ದಿನಾ ನಾಯಿ ಉಸಿರು ಎಣಿಸ್ತಿದ್ದೆ. ಪಕ್ಕದಲ್ಲೇ ಇದ್ದ ಅಜ್ಜಿ ಉಸಿರು ಕಿವಿಗೇ ಬಿದ್ದಿಲ್ಲ ನೋಡಿ."

ಅಕ್ಕ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಅಜ್ಜಿ, ಅಕ್ಕನ ತೊಡೆಯ ಮೇಲೆ ಗುಂಡ. ಅಜ್ಜಿಯನ್ನು ಒಂದು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಗುಂಡನನ್ನು ಇನ್ನೊಂದಕ್ಕೆ ಒಯ್ದರು. ಇಬ್ಬರಿಗೂ ಆಮ್ಲಜನಕ, ಇಬ್ಬರಿಗೂ ನೀರಿಳಿಸುವ ಸೂಜಿ. ಇಬ್ಬರೂ ಉಳಿದರು.

ಈಗ ಮಾತ್ರೆ ಕೊಟ್ಟು ಸ್ವಲ್ಪ ಹೊತ್ತಿಗೆ ಗುಂಡನನ್ನು ಅಕ್ಕ ಹೊರಗೆ ಕರೆದೊಯ್ಯುತ್ತಾರೆ, ನೆಲ ಒದ್ದೆಯಾಗುವುದಿಲ್ಲ. ಅಜ್ಜಿಯೂ ಅವರೆದುರೇ ನುಂಗಬೇಕು. "ಬಾಯಿ ತೆರೆಯೋಕೆ ಗುಂಡನಿಗಿಂತ ಅಜ್ಜೀನೇ ಜಾಸ್ತಿ ಸತಾಯಿಸ್ತಾರೆ," ಎಂದು ನಗುತ್ತಾರೆ. ಉಳಿದ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಈ ಕಾಯಿಲೆ ವಾಸಿ ಆಗಲ್ಲ, ಮುಂದೂಡಬಹುದು ಅಷ್ಟೇ. ಇವರಿಬ್ಬರಲ್ಲಿ ಒಬ್ಬರನ್ನ ಬಿಟ್ಟು ಒಬ್ಬರು ಹೋಗಬಾರದು ಅಂತ ನನ್ನಾಸೆ. ಆದ್ರೆ ನನ್ನ ಕೈಲಿರೋದು ಮಾತ್ರೆ ಮಾತ್ರ."