ಟಿ.ವಿ.ಯ ಮೇಲೆ ಐದು ದಿನದ ಗಣಪತಿ

ಚೌತಿಯ ದಿನ ಮಧ್ಯಾಹ್ನ, ಎಲ್ಲರ ಊಟ ಮುಗಿದ ಮೇಲೆ ನಾನು ಕಡುಬು ಬೇಯಿಸಿದ ಪಾತ್ರೆಯ ತಳ ಕೆರೆಯುತ್ತ ಕೂತಿದ್ದೆ. ನೀರು ಆರಿಹೋಗಿ ತಳ ಕರಕಲಾಗಿತ್ತು. ಆದರೂ ಇಪ್ಪತ್ತೊಂದು ಕಡುಬಿನಲ್ಲಿ ಒಂದೂ ಒಡೆದಿರಲಿಲ್ಲ, ನನ್ನ ಮಟ್ಟಿಗೆ ಅಷ್ಟು ಕೃಪೆ ಸಾಕು ಎಂದು ಒಳಗೊಳಗೇ ದೇವರಿಗೆ ಕೈಮುಗಿಯುತ್ತಿದ್ದೆ. ಅಷ್ಟರಲ್ಲಿ ಯಜಮಾನರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಉಂಡ ಮೇಲೆ ಒಂದು ತಾಸು ಮಲಗದಿದ್ದರೆ ತಲೆನೋಯುವ ಮನುಷ್ಯ ಹೀಗೆ ಬಂದು ನಿಂತರೆ ಏನೋ ಆಗಿದೆಯೆಂದೇ ಅರ್ಥ.

ಬಹಳ ಮೆತ್ತಗೆ ಹೇಳಿದರು. "ಹಳೇ ಟಿ.ವಿ. ಕೊಟ್ಟಬಿಟ್ಟೇನಿ. ಹೊಸಾದು ನಾಳೆ ಮುಂಜಾನೆ ಬರ್ತದ. ಬಂದವರು ಹಳೇದನ್ನ ಒಯ್ತಾರ."

ನಾನು ಇನ್ನೂ ಎರಡು ಸಲ ಕೆರೆದೆ. ಆಮೇಲೆ ಕೈ ನಿಂತಿತು. ಯಾಕೆಂದರೆ ಆ ಹಳೇ ಟಿ.ವಿ.ಯ ಮೇಲೆ ಅಂದು ಬೆಳಿಗ್ಗೆಯಷ್ಟೇ ನಮ್ಮ ಗಣಪತಿ ಬಂದು ಕೂತಿದ್ದ.

ಆ ಟಿ.ವಿ. ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ, ಮಗಳು ಅಂಬೆಗಾಲಿಡುತ್ತಿದ್ದಾಗ. ಪುಣೆಯ ಶಿವಾಜಿನಗರದ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಅದನ್ನು ಮೇಲೆ ತಂದಿಟ್ಟಿದ್ದರು. ಮುಂದೆ ಎಷ್ಟು ಅಗಲವೋ ಹಿಂದೆ ಅಷ್ಟೇ ಉದ್ದ. ಅದರ ಬೆನ್ನಿನ ದೆಸೆಯಿಂದ ಬಟ್ಟೆ ಕಪಾಟಿನ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಅಷ್ಟು ವರ್ಷವೂ ನಾನು ಒಂದು ಕೈಯನ್ನಷ್ಟೇ ಒಳಗೆ ತೂರಿಸಿ ತಡಕಾಡಿ ಸೀರೆ ತೆಗೆದಿದ್ದೇನೆ. ಹಸಿರು ಸೀರೆ ಉಡಬೇಕೆಂದು ಹೋಗಿ ಕೈಗೆ ಸಿಕ್ಕ ಕೆಂಪು ಸೀರೆ ಉಟ್ಟು ಹೊರಟದ್ದೂ ಉಂಟು. ಕೊನೆಕೊನೆಗೆ ಪರದೆಯ ಮೇಲಿನ ಬಣ್ಣ ಕೆಟ್ಟು ಎಲ್ಲರ ಮುಖವೂ ಅರಿಶಿಣ ಹಚ್ಚಿದ ಹಾಗೆ ಕಾಣುತ್ತಿತ್ತು. ಸುದ್ದಿ ಓದುವವಳೂ ಮದುಮಗಳು, ಕ್ರಿಕೆಟ್ ಆಡುವ ಹನ್ನೊಂದು ಜನವೂ ಮದುಮಕ್ಕಳು. ಎಡಗಡೆಗೆ ಒಂದು ಏಟು ಹಾಕಿದರೆ ಸ್ವಲ್ಪ ಹೊತ್ತು ಸರಿಹೋಗುತ್ತಿತ್ತು.

ಆದರೆ ಅದರ ನೆತ್ತಿ ಮಾತ್ರ ಬಂಗಾರದಂಥದು. ಪುಣೆಯ ಚಳಿಗಾಲದಲ್ಲಿ ಹಾಲು ಹೆಪ್ಪುಗಟ್ಟಲು ಹಟ ಮಾಡುತ್ತದೆ. ಒಂದು ಧಾರಾವಾಹಿ ಮುಗಿಯುವ ತನಕ ಪಾತ್ರೆಯನ್ನು ಆ ಬೆಚ್ಚಗಿನ ನೆತ್ತಿಯ ಮೇಲಿಟ್ಟು, ಆಮೇಲೆ ಟವೆಲ್ ಸುತ್ತಿಟ್ಟರೆ ಬೆಳಿಗ್ಗೆ ಕತ್ತರಿಸುವಂಥ ಮೊಸರು. ಭಾದ್ರಪದ ಬಂತೆಂದರೆ ಗಣಪತಿ ಕೂಡುವುದೂ ಅಲ್ಲೇ. ಎರಡು ಕೋಣೆಯಲ್ಲಿ ಯಾರ ಕಾಲೂ ತಾಗದ, ಕೂತವರ ತಲೆಗಿಂತ ಮೇಲಿನ ಜಾಗ ಅದೊಂದೇ. ಮಣೆ ಇಟ್ಟು, ಮೇಲೆ ವಸ್ತ್ರ ಹಾಸಿ, ಎರಡೂ ಕಡೆ ಬಾಳೆಯ ಕಂದು ಕಟ್ಟಿದರೆ ಕೆಳಗೊಂದು ಟಿ.ವಿ. ಇದೆಯೆಂಬುದೇ ಮರೆತುಹೋಗುವಷ್ಟು ಚೆಂದ.

ಯಜಮಾನರೂ ಅದನ್ನೇ ಮರೆತಿದ್ದರು. ಅವರು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರು. ವಿಮಾನ ನಗರದಲ್ಲಿ ಮನೆ ಮಾಡಿದ ಅವರ ಆಫೀಸಿನವರೊಬ್ಬರಲ್ಲಿ ಗೋಡೆಗೆ ಅಂಟಿಕೊಂಡಂತಿದ್ದ ಚಪ್ಪಟೆ ಟಿ.ವಿ. ನೋಡಿ ಬಂದಾಗಿನಿಂದ ಅವರ ಮನಸ್ಸು ನಿಲ್ಲುತ್ತಿರಲಿಲ್ಲ. ಮೂರು ದಿನ ಮೊದಲು ಮೂರ್ತಿ ಹೇಳಿಬರಲು ಹೋದವರು ಪಕ್ಕದ ಅಂಗಡಿಯಲ್ಲಿ ಹಬ್ಬದ ಎಕ್ಸ್‌ಚೇಂಜ್ ನೋಡಿದ್ದಾರೆ. ಹಳೇದು ಕೊಟ್ಟರೆ ಹೊಸದರ ಬೆಲೆಯಲ್ಲಿ ಒಳ್ಳೆಯ ಸೋಡಿ. ನಮಗೆಲ್ಲ ಆಶ್ಚರ್ಯ ಮಾಡಬೇಕೆಂದು ಯಾರಿಗೂ ಹೇಳದೆ ಕಂತು ಬರೆಸಿ ಬಂದಿದ್ದಾರೆ. ಚೌತಿಯ ಬೆಳಿಗ್ಗೆ ತಲೆಗೆ ಟೊಪ್ಪಿಗೆ ಹಾಕಿಕೊಂಡು, ಮೂರ್ತಿಯ ಮುಖಕ್ಕೆ ವಸ್ತ್ರ ಮುಚ್ಚಿ, ಮೋರಯಾ ಎನ್ನುತ್ತ ಮನೆಯೊಳಗೆ ಬಂದರು. ಪ್ರತಿ ವರ್ಷದ ರೂಢಿಯಂತೆ ನಾನು ಮಣೆ ಇಟ್ಟಿದ್ದೆ, ರೂಢಿಯಂತೆ ಅವರು ತಂದು ಕೂಡಿಸಿದರು. ಭಟ್ಟರು ಬಂದು ಪ್ರಾಣಪ್ರತಿಷ್ಠೆ ಮಾಡಿ, ದಕ್ಷಿಣೆ ತೆಗೆದುಕೊಂಡು ಮುಂದಿನ ಮನೆಗೆ ಓಡಿದರು. ಐದನೆಯ ಕಡುಬು ಬಾಯಿಗೆ ಹಾಕಿಕೊಳ್ಳುವಾಗ ಇವರಿಗೆ ನೆನಪಾಗಿದೆ. ತಪ್ಪು ಯಾರದು ಎಂದು ಕೇಳಿದರೆ, ರೂಢಿಬಿದ್ದ ಕೈಗಳದು ಎನ್ನಬೇಕು.

ಮಂತ್ರ ಹೇಳಿ ಪ್ರಾಣ ತುಂಬಿದ ಗಣಪತಿಯನ್ನು ದಿನ ತುಂಬುವ ತನಕ ಕೂದಲಷ್ಟೂ ಕದಲಿಸುವಂತಿಲ್ಲ. ನಮ್ಮದು ಐದು ದಿನದ ಗಣಪತಿ. ಅತ್ತೆ ಮದುವೆಯಾಗಿ ವಿಜಾಪುರದ ಮಾವನವರ ಮನೆಗೆ ಬಂದಾಗಿನಿಂದ ಆ ಐದು ದಿನ ಒಮ್ಮೆಯೂ ತಪ್ಪಿರಲಿಲ್ಲ. ಪುಣೆಗೆ ಬಂದ ವರ್ಷ ಸಾಮಾನಿನ ಗಂಟು ಸಹ ಬಿಚ್ಚಿರದ ಮನೆಯಲ್ಲಿ ಟ್ರಂಕಿನ ಮೇಲೆ ಕೂಡಿಸಿ, ಐದೂ ದಿನ ತಾವು ಅದರ ಮುಂದೆ ಬರಿ ನೆಲದ ಮೇಲೆ ಮಲಗಿದ್ದರಂತೆ. ಮಾವನವರು ಹೋದ ಮೇಲೆ ಮನೆಯಲ್ಲಿ ಬೇರೆ ಯಾವುದಕ್ಕೂ ಇದು ನನ್ನದು ಎಂದು ಹಟ ಹಿಡಿದವರಲ್ಲ. ಈ ಐದು ದಿನ ಮಾತ್ರ ಅವರದು. ಟಿ.ವಿ.ಯ ವಿಷಯ ಅವರಿಗೆ ಹೇಳುವವರು ಯಾರು?

"ನೀನ ಹೇಳು, ನಿನ್ನ ಮಾತು ಕೇಳ್ತಾಳ" ಎಂದರು ಇವರು. ನಾನು ಪಾತ್ರೆಯ ಕಡೆ ತಿರುಗಿಕೊಂಡೆ. ಮಗನೇ ಹೋಗಿ ಹೇಳಬೇಕಾಯಿತು.

ಅತ್ತೆ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಪೂರ್ತಿ ಕೇಳಿ, ಬತ್ತಿಯನ್ನು ತಾಟಿನಲ್ಲಿಟ್ಟು, ಬೇಕಾದಷ್ಟು ಟಿ.ವಿ. ತಗೋ, ಐದು ದಿನ ಆದ ಮೇಲೆ ತಗೋ ಎಂದರು. ಇವರು ಪುಣೆಯಲ್ಲಿ ಎಷ್ಟೋ ಜನರದು ದೀಡ ದಿವಸ, ಅಂದರೆ ಒಂದೂವರೆ ದಿನದ ಗಣಪತಿ, ನಾಳೆಯೇ ಕಳಿಸಿಬಿಟ್ಟರೆ ದೇವರೇನೂ ಬೇಡ ಅನ್ನುವುದಿಲ್ಲ ಎಂದು ವಾದ ಹೂಡಿದರು. ಅದು ಅವರವರ ಮನೆಯ ಪದ್ಧತಿ ಎಂದರು ಅತ್ತೆ. ಕಡೆಗೆ ಇವರು, ಮೂರ್ತಿಗೆ ಕೈ ಹಚ್ಚುವುದೇ ಬೇಡ, ಮಣೆ ಸಮೇತ ಮೆಲ್ಲಗೆ ಎತ್ತಿ ಆ ಕಡೆ ಇಟ್ಟರಾಯಿತು ಎಂದರು.

"ನಿಮ್ಮ ಸಾಹೇಬ್ರನ್ನ ಕುರ್ಚಿ ಸಮೇತ ಎತ್ತಿ ಹೊರಗಿಟ್ಟು, ನಿಮಗ ಕೈ ಹಚ್ಚಿಲ್ರಿ ಅಂತ ಹೇಳಿ ಬಾ. ಅವರು ಹೂಂ ಅಂದ್ರ ನಾನೂ ಹೂಂ ಅಂತೀನಿ" ಎಂದರು ಅತ್ತೆ.

ಇವರು ಎದ್ದು ಹೊರಗೆ ಹೋದರು. ಅವರ ಸಾಹೇಬರು ಎಂಥವರೆಂದು ನಮಗೆಲ್ಲ ಗೊತ್ತಿತ್ತು.

ಸಂಜೆಯ ಆರತಿಯಲ್ಲಿ ನಾನೂ ಬೇಡಿಕೊಂಡೆ. ಸುಳ್ಳೇಕೆ ಹೇಳಲಿ, ಒಂದು ಕಣ್ಣಿನಿಂದ ಅತ್ತೆಯ ಐದು ದಿನ ಉಳಿಯಲಿ ಎಂದೆ, ಇನ್ನೊಂದು ಕಣ್ಣಿನಿಂದ ಇವರ ಟಿ.ವಿ. ಬರಲಿ ಎಂದೆ. ಮೊಸರಿನ ವಿಷಯ ನಡುವೆ ತರಬಾರದೆಂದು ಬಹಳ ಪ್ರಯತ್ನಪಟ್ಟೆ.

ಮರುದಿನ ಹತ್ತು ಗಂಟೆಗೆ ಟೆಂಪೊ ಬಂತು. ಅಂಗಡಿಯ ಇಬ್ಬರು ಆಳುಗಳು ಚಪ್ಪಟೆ ಪೆಟ್ಟಿಗೆಯೊಂದನ್ನು ಹೊತ್ತು ಮೇಲೆ ಬಂದರು. ಒಬ್ಬರು ನಡುವಯಸ್ಸಿನವರು, ಹಣೆಗೆ ಅಷ್ಟಗಂಧ. ಇನ್ನೊಬ್ಬರು ಅವರ ತಮ್ಮನಂತೆ. ಹಳೇದು ಎಲ್ಲಿ ಎಂದು ಕೇಳಿದರು. ಯಜಮಾನರು ಕೈ ತೋರಿಸಿದರು. ನಡುವಯಸ್ಸಿನವರು ನೋಡಿದರು, ಹಿಂದೆ ಹೋಗಿ ಚಪ್ಪಲಿ ಬಿಟ್ಟರು, ಬಂದು ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದರು.

"ಬಾಪ್ಪಾ ಬಸ್ಲೇತ್. ಹಾತ್ ಕಸಾ ಲಾವಾಯಚಾ?" ಎಂದರು. ಬಾಪ್ಪಾ ಕೂತಿದ್ದಾನಲ್ಲ, ಕೈ ಹೇಗೆ ಹಚ್ಚುವುದು?

ಅತ್ತೆಗೆ ಅಷ್ಟು ವರ್ಷದಲ್ಲಿ ಮರಾಠಿ ಮಾತನಾಡಲು ಬಂದಿರಲಿಲ್ಲ, ಆದರೆ ಅಷ್ಟೂ ಮಾತು ಅರ್ಥವಾಯಿತು. "ನೋಡು, ಇವರಿಗೆ ಗೊತ್ತದ" ಎಂದು ಮಗನಿಗೆ ಹೇಳಿ, ಇಬ್ಬರಿಗೂ ಕೈತುಂಬ ಪ್ರಸಾದ ಕೊಡಲು ನನಗೆ ಸನ್ನೆ ಮಾಡಿದರು.

ಪ್ರಸಾದವೇನೋ ತಿಂದರು, ಆದರೆ ಅಂಗಡಿಯ ನಿಯಮ ನಿಯಮವೇ. ಹಳೇದು ಕೈಗೆ ಬಂದರೆ ಮಾತ್ರ ಹೊಸದನ್ನು ಇಳಿಸಬೇಕು, ಇಲ್ಲದಿದ್ದರೆ ಹೊತ್ತುಕೊಂಡು ವಾಪಸ್. ಎಕ್ಸ್‌ಚೇಂಜ್ ಮುಗಿಯುವುದೂ ಅಂದೇ. ಯಜಮಾನರು ಅಂಗಡಿಯ ಮ್ಯಾನೇಜರಿಗೆ ಫೋನು ಹಚ್ಚಿದರು. ಕಷ್ಟ ಬಂದಾಗ ಅವರ ಮರಾಠಿ ಬಹಳ ಶುದ್ಧವಾಗುತ್ತದೆ. ಅಂದು ಕೀರ್ತನಕಾರರ ಹಾಗೆ ಮಾತಾಡಿದರು. ಆ ಕಡೆಯ ಮ್ಯಾನೇಜರಿಗೆ ನಂಬಿಕೆ ಬರಲಿಲ್ಲ; ಎಲ್ಲರೂ ಹೀಗೇ ಒಂದೊಂದು ಹೇಳುತ್ತಾರೆ, ಹಳೇದನ್ನು ಬೇರೆಯವರಿಗೆ ಮಾರಿಬಿಡುತ್ತಾರೆ ಎಂದರಂತೆ. ಕಡೆಗೆ ಆ ಹಿರಿಯ ಆಳು ಫೋನು ಇಸಕೊಂಡು, ನಾನೇ ಕಣ್ಣಾರೆ ನೋಡುತ್ತಿದ್ದೇನೆ, ಇಲ್ಲಿ ಬಾಪ್ಪಾ ಕೂತಿದ್ದಾರೆ, ನೀವು ಬೈದರೂ ನಾನು ಎತ್ತುವುದಿಲ್ಲ ಎಂದರು. ಆಗ ಮ್ಯಾನೇಜರು ಒಂದು ದಾರಿ ಹೇಳಿದರು. ಹೊಸ ಟಿ.ವಿ. ಅಲ್ಲೇ ಬಿಟ್ಟುಬನ್ನಿ. ಅದರ ರಿಮೋಟ್ ಮತ್ತು ಕರೆಂಟಿನ ವಾಯರು ಮಾತ್ರ ವಾಪಸ್ ತನ್ನಿ. ಐದನೆಯ ದಿನ ಹಳೇದು ಕೊಟ್ಟು ಅವನ್ನು ಬಿಡಿಸಿಕೊಳ್ಳಲಿ.

ಹೀಗೆ ನಮ್ಮ ಟಿ.ವಿ.ಯ ಜೀವವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅವರು ಹೋದರು. ಪೆಟ್ಟಿಗೆ ಉಳಿಯಿತು.

ಎರಡು ಕೋಣೆಯ ಮನೆಯಲ್ಲಿ ಆ ಪೆಟ್ಟಿಗೆಗೆ ಜಾಗ ಎಲ್ಲಿ? ಅಡ್ಡ ಮಲಗಿಸಬಾರದೆಂದು ಅದರ ಮೇಲೆ ಬರೆದಿತ್ತು. ಹಗಲೆಲ್ಲ ನಡುಮನೆಯಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದೆವು. ದರ್ಶನಕ್ಕೆ ಬಂದವರೆಲ್ಲ ಅದರ ಬದಿಯಿಂದ ಸರಿದು ಹೋಗಬೇಕಾಯಿತು. ಮೇಲಿನ ಮನೆಯ ಮರಾಠಿ ಹೆಂಗಸು, ನಮಗೆಲ್ಲ ವಹಿನಿ, ಗಣಪತಿಗೆ ಒಂದು, ಪೆಟ್ಟಿಗೆಗೆ ಒಂದು, ಹೀಗೆ ಎರಡು ಹೂ ಏರಿಸಿ ಹೋದರು. ಅದರಲ್ಲಿ ಗೌರಿ ಇದ್ದಾಳೆಂದು ತಿಳಿದರೋ ಏನೋ. ಮಗಳು ಪೆಟ್ಟಿಗೆಯ ಮುಂದೆ ಕೂತು ಅದರ ಮೇಲಿನ ಅಕ್ಷರಗಳನ್ನು ಪೂಜೆಯ ಪೋಥಿಯಂತೆ ದಿನಕ್ಕೆ ಎರಡು ಸಲ ಓದಿದಳು.

ಯಜಮಾನರ ಪಾಡು ಹೇಳತೀರದು. ಗಣಪತಿ ಮೇಲೆ ಕೂತಿರುವಷ್ಟು ದಿನ ಕೆಳಗಿನ ಟಿ.ವಿ. ಹಚ್ಚುವಂತಿಲ್ಲ, ದೇವರಿಗೆ ಕೆಳಗಿನಿಂದ ಕಾವು ತಾಗುತ್ತದೆಂದು ಅತ್ತೆಯ ಕಟ್ಟಳೆ. ಬೇರೆ ವರ್ಷ ಯಾರಿಗೂ ಅದರ ನೆನಪೇ ಆಗುತ್ತಿರಲಿಲ್ಲ. ಆ ವರ್ಷ ಸರಿಯಾಗಿ ಆ ದಿನಗಳಲ್ಲೇ ಕ್ರಿಕೆಟ್ ಮ್ಯಾಚು ಬಂತು. ಮನೆಯಲ್ಲಿ ಎರಡು ಟಿ.ವಿ., ನೋಡಲಿಕ್ಕೆ ಒಂದೂ ಇಲ್ಲ. ಆಫೀಸು ಬಿಟ್ಟವರು ಕೋರ್ಟಿನ ಎದುರು ಮಂಗಳೂರಿನವರು ನಡೆಸುವ ಹೋಟೆಲಿಗೆ ಹೋಗಿ, ಒಂದೇ ಒಂದು ಕಾಫಿ ಹೇಳಿ, ಗೋಡೆಯ ಟಿ.ವಿ. ಕೆಳಗೆ ಕೂತು ಬರುತ್ತಿದ್ದರು. ಹೊಸ ಟಿ.ವಿ. ಬಂತಂತಲ್ಲ, ಮತ್ತೆ ಇಲ್ಲೇಕೆ ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವರು ಕೇಳಿದರಂತೆ. ಪೆಟ್ಟಿಗೆ ನೋಡಿ ಸಾಕಾಯ್ತು ಎಂದರಂತೆ ಇವರು.

ನಾಲ್ಕನೆಯ ದಿನ ಅವರು ಅತ್ತೆಯ ಪಕ್ಕ ಬಂದು ಕೂತರು. ಇನ್ನೊಂದು ವಾದ ತಂದಿದ್ದಾರೆಂದು ನನಗೆ ಹೆದರಿಕೆ. ಆದರೆ ಅವರು ಕೇಳಿದ್ದು ಬೇರೆ: ಟ್ರಂಕಿನ ಮೇಲೆ ಕೂಡಿಸಿದ ವರ್ಷ ನಾನು ಎಷ್ಟು ದೊಡ್ಡವನಿದ್ದೆ? ಅತ್ತೆ ಹೇಳುತ್ತ ಹೋದರು. ಗಣಪತಿಯ ಮುಂದೆ ತಾವು ಮಲಗಿದಾಗ ಇವರೂ ಹಾಸಿಗೆ ಬಿಟ್ಟು ಬಂದು ಪಕ್ಕದಲ್ಲೇ ಬರಿ ನೆಲದಲ್ಲಿ ಮಲಗುತ್ತಿದ್ದರಂತೆ, ಇಲಿ ಬಂದು ತಮ್ಮನ್ನು ಒಯ್ದರೆ ಎಂದು ಅತ್ತೆಯ ಸೆರಗು ಹಿಡಿದುಕೊಂಡು. ಇವರು ಅಂದು ಹೋಟೆಲಿಗೆ ಹೋಗಲಿಲ್ಲ. ಆಮೇಲೆ ಮ್ಯಾಚಿನ ಮಾತೂ ಬರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಉತ್ತರಪೂಜೆ ಮಾಡಿ, ಮೂರ್ತಿಯನ್ನು ತುಸು ಕದಲಿಸಿ, ಮೊಸರು ಅವಲಕ್ಕಿ ಬುತ್ತಿ ಕಟ್ಟಿ ಕಳಿಸಿದೆವು. ಕಳಿಸಿ ಬಂದ ಯಜಮಾನರ ಕೈಯಲ್ಲಿ ನದಿಯ ಹಸಿ ಮಣ್ಣಿತ್ತು. ಗಣಪತಿ ಕೂತಿದ್ದ ಜಾಗದಲ್ಲಿ ಆ ಮಣ್ಣಿಟ್ಟು ಆರತಿ ಮಾಡುವುದು ನಾವು ಪುಣೆಗೆ ಬಂದ ಮೇಲೆ ಹಿಡಿದ ಪದ್ಧತಿ. ಇವರು ಟಿ.ವಿ.ಯ ಮುಂದೆ ನಿಂತರು. ಮಣ್ಣನ್ನು ಮೇಲಿಟ್ಟರೆ ಮತ್ತೆ ಎಷ್ಟು ದಿನವೋ ಎಂಬ ಸಂಶಯ ಮುಖದಲ್ಲೇ ಕಾಣುತ್ತಿತ್ತು. ಕೆಳಗೆ ಟೆಂಪೊ ಬಂದು ಹಾರ್ನ್ ಹೊಡೆಯಿತು. ಆದರೂ ಅವರು ಕೈ ಎತ್ತಿ ಮಣ್ಣನ್ನು ಮೇಲಿಡಲು ಹೋದರು.

ಅತ್ತೆ ತಡೆದರು. "ಮಣಿ ಕೆಳಗಿಡೋ ಯಪ್ಪಾ. ಗಣಪ್ಪ ತನ್ನ ಐದು ದಿನ ಕೂತು ಹೋದ. ಇನ್ನ ಮಣಿ ಎಲ್ಲಿದ್ರೂ ನಡೀತದ."

ಮಣೆಯನ್ನು ನೆಲಕ್ಕಿಳಿಸಿ ಅಲ್ಲೇ ಆರತಿ ಮಾಡಿದೆವು. ಆಳುಗಳು ಮೇಲೆ ಬರುವಷ್ಟರಲ್ಲಿ ಅತ್ತೆ ಹಳೇ ಟಿ.ವಿ.ಗೆ ಕುಂಕುಮ ಹಚ್ಚಿದ್ದರು. ಇಷ್ಟು ವರ್ಷ ದೇವರನ್ನು ಹೊತ್ತಿದೆ, ಬರಿ ಹಣೆಯಲ್ಲಿ ಕಳಿಸಬಾರದು ಎಂದರು. ಮೆಟ್ಟಿಲಲ್ಲಿ ಅದರ ಬೆನ್ನು ಗೋಡೆಗೆ ತಾಗಿದಾಗಲೆಲ್ಲ ನನಗೇ ತಾಗಿದಂತಾಗುತ್ತಿತ್ತು. ಹೊರಟು ಹೋಯಿತು. ಬಟ್ಟೆ ಕಪಾಟಿನ ಬಾಗಿಲು ಅಂದು ಮೊದಲ ಸಲ ಪೂರ್ತಿ ತೆರೆಯಿತು, ಒಳಗೆ ಎರಡು ಹೊಸ ಕುಪ್ಪಸದ ಖಣ ಸಿಕ್ಕವು. ಅದನ್ನೂ ದೇವರ ಲೆಕ್ಕಕ್ಕೇ ಹಾಕಿದೆ.

ಚೀಲದಿಂದ ಹೊರಬಂದ ರಿಮೋಟನ್ನು ಯಜಮಾನರು ಮೊದಲು ಅತ್ತೆಯ ಕೈಯಲ್ಲಿಟ್ಟರು. "ನೀ ಹಚ್ಚವ್ವಾ" ಎಂದರು. ಯಾವುದನ್ನು ಒತ್ತಬೇಕೆಂದು ಅವರು ಮೂರು ಸಲ ಕೇಳಿ, ಕಡೆಗೆ ಮಗನ ಬೆರಳನ್ನೇ ಹಿಡಿದು ಒತ್ತಿಸಿದರು. ಹೊಸ ಪರದೆ ಎಷ್ಟು ಅಗಲವೆಂದರೆ ಅದರಲ್ಲಿ ಎಲ್ಲರ ಮುಖವೂ ಎಳೆದು ಅಡ್ಡಡ್ಡ ಹಿಗ್ಗಿತ್ತು.

"ಎಲ್ಲಾರೂ ಭಾಳ ಉಂಡಬಂದಂಗ ಕಾಣಸ್ತಾರಲ್ಲೋ" ಎಂದರು ಅತ್ತೆ.

ಯಜಮಾನರು ಅವರ ಕಾಲಬುಡದಲ್ಲಿ ಕೂತು, ಹಬ್ಬ ಅಲ್ಲೇನವ್ವಾ ಎಂದು ನಕ್ಕರು. ಅತ್ತೆ ಆ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಗೋಡೆಗೆ ಒರಗಿದರು. ಐದು ದಿನದ ನಂತರ ಅಂದೇ ಅವರು ಬೆನ್ನು ಒರಗಿಸಿದ್ದು. ಅಷ್ಟರಲ್ಲಿ ಬಚ್ಚಲಿನಲ್ಲಿ ನಲ್ಲಿ ಗೊರಗೊರ ಎಂದಿತು. ಆ ಹೊತ್ತಿನ ನೀರು ತಪ್ಪಿದರೆ ನಾಳೆಯ ತನಕ ಇಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಕೊಡಗಳನ್ನು ತೊಳೆದು ನೀರು ಹಿಡಿಯಲು ಎದ್ದೆ.