ಫೆಂಗ್‌ಚಿನ್ ಒಡೆದ ಬೋಗುಣಿ

ಊರಲ್ಲಿ ಮೂವತ್ತು ವರ್ಷ ಶವಪೆಟ್ಟಿಗೆ ಹೊತ್ತವನು ನಾನು. ಹೊರುವವರಿಗೆಲ್ಲ ಮುಂದಾಳು. ನಾನು "ಎತ್ತಿ" ಅಂದ ಮೇಲೇ ಪೆಟ್ಟಿಗೆ ನೆಲ ಬಿಡುತ್ತಿತ್ತು. ಬೇರೆ ಮಾತು ನನಗೆ ಅಷ್ಟಾಗಿ ಬರುವುದಿಲ್ಲ. ಆದರೂ ತೋಫು ಮಾರುವ ಲುವಾನ್ ಫೆಂಗ್‌ಚಿನ್ ವಿಷಯ ಹೇಳಬೇಕು.

ಅವಳು ಒಬ್ಬಳೇ ಮಗಳು. ತಾಯಿ ಬೇಗ ಹೋದಳು. ತಂದೆಗೆ ಲಕ್ವ ಹೊಡೆದಾಗ ಅವಳಿಗೆ ಇಪ್ಪತ್ತೆರಡು. ಗೊತ್ತಾಗಿದ್ದ ಮದುವೆ ಬಿಟ್ಟಳು. ದಿನಾ ಸೋಯಾ ಕಾಳು ಬೀಸಿ, ಹಾಲು ಕಾಯಿಸಿ, ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರುವಳು. ನಡುನಡುವೆ ಹೋಗಿ ತಂದೆಯ ಮಗ್ಗುಲು ತಿರುಗಿಸುವಳು. ಹನ್ನೊಂದು ವರ್ಷ ಹೀಗೇ.

ಚಿಕ್ಕಪ್ಪ ದೆಮಾವ್ ಬೆಳಿಗ್ಗೆ ಬಟ್ಟಲು ಹಿಡಿದು ಬರುತ್ತಿದ್ದ. ಬಿಸಿ ಸೋಯಾ ಹಾಲು ಕುಡಿದು ಬಾಯಿ ಒರೆಸಿಕೊಂಡು, "ನಿಂಗ್ಯಾಕಮ್ಮ ಚಿಂತೆ? ಅಣ್ಣ ಹೋದ ದಿನ ಬೋಗುಣಿ ನೀನೇ ಒಡಿ. ಯಾರಾದ್ರೂ ತಕರಾರು ತೆಗೆದ್ರೆ ನಾನಿದೀನಲ್ಲ" ಅನ್ನುತ್ತಿದ್ದ.

ಅವಳು ನಂಬಿದಳು. ನಾನೂ ನಂಬಿದೆ.

ನಮ್ಮಲ್ಲಿ ಪೆಟ್ಟಿಗೆ ಎತ್ತುವ ಮೊದಲು ಮಗ ಮಣ್ಣಿನ ಬೋಗುಣಿಯನ್ನು ಇಟ್ಟಿಗೆಗೆ ಅಪ್ಪಳಿಸಬೇಕು. ಒಡೆದವರಿಗೇ ಮನೆ. ಕಾನೂನು ಏನಾದರೂ ಹೇಳಲಿ, ಊರು ಒಪ್ಪುವುದು ಇದನ್ನೇ. ಮಗ ಇಲ್ಲದಿದ್ದರೆ ತಮ್ಮನ ಮಗ ಒಡೆಯುತ್ತಾನೆ. ಹೆಣ್ಣು ಒಡೆದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆ ಚಳಿಗಾಲ ಮುದುಕ ತೀರಿಕೊಂಡ. ಫೆಂಗ್‌ಚಿನ್ ಪೆಟ್ಟಿಗೆಯ ಮುಂದೆ ಮಂಡಿಯೂರಿ ಮೂರು ದಿನ ಒಡೆಯಬೇಕಾದ ಅದೇ ಬೋಗುಣಿಯಲ್ಲಿ, ಸತ್ತವನಿಗೆ ಹಣವಾಗಿ ಮುಟ್ಟಲೆಂದು ಕಾಗದ ಸುಟ್ಟಳು. ಬೆಂಕಿ ಆರಗೊಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ನಾವು ಹಗ್ಗ ಬಿಗಿದು ನಿಂತಿದ್ದೆವು. ದೆಮಾವ್ ಅಂಗಳಕ್ಕೆ ಬಂದ. ಹಿಂದೆ ಅವನ ಮಗ ಜಿಯಾನ್‌ಲಿ, ಮೈತುಂಬ ಬಿಳಿ ಸೆಣಬಿನ ಬಟ್ಟೆ. ಅದು ಸತ್ತವನ ಮಗ ಉಡುವ ಬಟ್ಟೆ. ಹೊಸದಾಗಿ ಹೊಲಿಸಿದ್ದೂ ಅಲ್ಲ. ಮಡಿಸಿಟ್ಟ ಗೆರೆಗಳೆಲ್ಲ ಹಳದಿಯಾಗಿದ್ದವು.

ಫೆಂಗ್‌ಚಿನ್ ಆ ಗೆರೆಗಳನ್ನೇ ನೋಡಿದಳು.

"ಇದನ್ನ ಯಾವಾಗ ಹೊಲಿಸಿಟ್ರಿ ಚಿಕ್ಕಪ್ಪ?"

"ಯಾವಾಗಾದ್ರೆ ಏನಮ್ಮ? ಅಣ್ಣನಿಗೆ ಗಂಡುಮಗ ಇಲ್ಲ ಅಂತ ಜನ ನಗಬಾರ್ದಲ್ಲ."

"ನಮ್ಮಪ್ಪ ಉಸಿರಾಡ್ತಿರುವಾಗ್ಲೇ ಹೊಲಿಸಿದ್ರಾ? ಹೊಲಿಸಿಟ್ಟು, ನಮ್ಮನೇಲಿ ಕೂತು ಹಾಲು ಕುಡಿದ್ರಾ?"

"ಹೆಣ್ಣು ಕೈಲಿ ಬೋಗುಣಿ ಒಡೆಸಿದ್ರೆ ವಂಶಕ್ಕೇ ಮಸಿ. ನೀನು ಸರಿ ಆಚೆ. ಎತ್ತೋ ಜಿಯಾನ್‌ಲಿ!"

ಜಿಯಾನ್‌ಲಿ ಎರಡೂ ಕೈ ಹಾಕಿ ಎತ್ತಿದ. ಮರುಕ್ಷಣವೇ "ಅಯ್ಯಪ್ಪಾ, ಸುಡ್ತದೆ!" ಎಂದು ಕಿರುಚಿ ಕೈಬಿಟ್ಟ. ಬೋಗುಣಿ ಹುಲ್ಲಿನ ಚಾಪೆಯ ಮೇಲೆ ಬಿತ್ತು. ಬೂದಿ ಚೆಲ್ಲಿತು. ಬೋಗುಣಿ ಒಡೆಯಲಿಲ್ಲ.

"ಮೂರು ದಿನದಲ್ಲಿ ಒಂದು ಹಾಳೆ ಹಾಕಿದ್ರೂ ಬಿಸಿ ಇದೆ ಅಂತ ಗೊತ್ತಾಗಿರೋದು" ಎಂದಳು ಪಕ್ಕದ ಮನೆ ಮುದುಕಿ. ಯಾರೋ ನಕ್ಕರು.

"ತೋಳಿನ ಬಟ್ಟೆ ಕೈಗೆ ಸುತ್ಕೊಳ್ಳೋ ಮಂಕೇ!" ದೆಮಾವ್ ಕೂಗಿದ.

ಅವನು ಸುತ್ತಿಕೊಳ್ಳುವಷ್ಟರಲ್ಲಿ ಫೆಂಗ್‌ಚಿನ್ ಬರಿಗೈಯಲ್ಲೇ ಬೋಗುಣಿ ಎತ್ತಿದ್ದಳು. ಅವಳ ಅಂಗೈ ಚುರುಗುಟ್ಟಿರಬೇಕು. ಮುಖದಲ್ಲಿ ಏನೂ ಕಾಣಲಿಲ್ಲ. ಬೋಗುಣಿಯನ್ನು ತಲೆಯ ಮೇಲಕ್ಕೆತ್ತಿದಳು.

"ಅಪ್ಪಾ, ನಿಮ್ಮ ಮಗಳು ಒಡೀತಿದಾಳೆ. ನೋಡ್ಕೊಳ್ಳಿ!"

ಒಂದೇ ಏಟು. ಚೂರುಗಳು ನನ್ನ ಕಾಲಿನವರೆಗೆ ಸಿಡಿದವು.

"ಇದು ಲೆಕ್ಕಕ್ಕಿಲ್ಲ!" ದೆಮಾವ್ ನನ್ನ ಕಡೆ ತಿರುಗಿದ. "ಪೆಟ್ಟಿಗೆ ಎತ್ತಬೇಡ ಕಣೋ! ಎತ್ತಿದ್ರೆ ಒಪ್ಪಿದ ಹಾಗಾಗ್ತದೆ!"

ಹೌದು, ಎತ್ತಿದರೆ ಒಪ್ಪಿದ ಹಾಗೆ. ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಅವಳ ಕೈ ನೋಡಿದೆ.

"ಎತ್ತಿ" ಅಂದೆ.

ಪೆಟ್ಟಿಗೆ ಎದ್ದಿತು. ಮುಂದೆ ಫೆಂಗ್‌ಚಿನ್ ನಡೆದಳು.

ಹತ್ತು ದಿನ ಕಳೆದ ಮೇಲೆ ಅವಳು ಮತ್ತೆ ಬಾಗಿಲು ತೆಗೆದಳು. ಎರಡೂ ಕೈಗೆ ಬಟ್ಟೆ ಸುತ್ತಿತ್ತು. ತೋಫುವಿಗೆ ಸಾಲು ನಿಂತಿದ್ದೆವು. ದೆಮಾವ್ ಬಟ್ಟಲು ಹಿಡಿದು ಬಂದ. ಅಭ್ಯಾಸ ಬಿಡಬೇಕಲ್ಲ. ಹೊಸ್ತಿಲ ಹತ್ತಿರ ಹಿಂಜರಿದು ನಿಂತ.

"ಒಳಗೆ ಬರ್ಲೇನಮ್ಮ?"

"ಯಾರ ಮನೆ ಅಂತ ಹೇಳಿ ಬನ್ನಿ ಚಿಕ್ಕಪ್ಪ."

ಅವನು ನೆಲ ನೋಡುತ್ತ ಏನೋ ಗೊಣಗಿದ.

"ಸಾಲಿನ ಕೊನೇಲಿ ಇರೋರಿಗೆ ಕೇಳಿಸ್ಲಿಲ್ಲ."

"ನಿನ್ನ ಮನೆ ಕಣಮ್ಮ! ನಿಂದೇ ಮನೆ!"

ಅವಳು ಅವನ ಬಟ್ಟಲು ತೆಗೆದುಕೊಂಡು ಅಂಚಿನವರೆಗೆ ಹಾಲು ತುಂಬಿಸಿದಳು.